ತೊಟ್ಟಿಲ ಹಗ್ಗದ ಪದ

ನನ್ನ ಅಕ್ಕನ ಗಂಡ ಸಾಲೋಟಗಿ ಗುರುಲಿಂಗಪ್ಪ ದೊಡ್ಡ ಮನುಷ್ಯ. ಇದು ನಾನು ಹೇಳುವ ಮಾತಲ್ಲ, ಇಂಡಿ ಬಸ್ ಸ್ಟ್ಯಾಂಡಿನ ಎದುರು ಕಟ್ಟಿದ್ದ ಬ್ಯಾನರ್ ಹೇಳುತ್ತಿತ್ತು. ‘ಗೀಗೀ ಪದಗಳ ಹುಲಿ’ ಎಂದು ಬರೆದು, ಕೆಳಗೆ ಜರಿ ಪಟಗಾ ಸುತ್ತಿದ ಅವನ ಮುಖ ಹಾಕಿದ್ದರು. ಹುಲಿಯಂತೆ ಹುಲಿ! ಮದುವೆಯಾದಾಗಿನಿಂದ ನೋಡುತ್ತಿದ್ದೇನೆ, ಒಂದು ದಿನವೂ ತನ್ನ ತಂಬಿಗೆಗೆ ತಾನು ನೀರು ತುಂಬಿಕೊಂಡವನಲ್ಲ.

ಗೀಗೀ ಮೇಳದವರಲ್ಲಿ ಎರಡು ಪಕ್ಷ. ಗಂಡು ಹೆಚ್ಚು ಎಂದು ಹಾಡುವವರು ಹರದೇಶಿ, ಹೆಣ್ಣು ಹೆಚ್ಚು ಎಂದು ಹಾಡುವವರು ನಾಗೇಶಿ. ನಮ್ಮ ಮಾಮಾ, ಅಂದರೆ ಈ ಗುರುಲಿಂಗಪ್ಪ, ನಾಗೇಶಿ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ಊರೂರು ತಿರುಗಿ, ದಪ್ಪು ಬಡಿದು, ಹೆಣ್ಣೇ ಹೆಚ್ಚು ಎಂದು ವಾದ ಗೆದ್ದು ಬರುತ್ತಿದ್ದ. ಮನೆಗೆ ಬಂದು ರೊಟ್ಟಿ ಆರಿದೆ ಎಂದು ತಾಟು ಬೀಸಿ ಒಗೆಯುತ್ತಿದ್ದ. ಥೂ, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕಂಠ ಅವನದೇ. ಅದರಲ್ಲಿ ಸುಳ್ಳು ಹೇಳಲಾರೆ, ಕಂಚಿನಂಥ ಕಂಠ. ಆದರೆ ಪದಗಳು ನನ್ನ ಅಕ್ಕ ಗುರವ್ವನವು. ಅವಳು ರೊಟ್ಟಿ ಬಡಿಯುತ್ತ ಕಟ್ಟಿ ಹೇಳುತ್ತಿದ್ದಳು, ಅವನು ಒಲೆಯ ಪಕ್ಕ ಕೂತು ಬಾಯಿಪಾಠ ಮಾಡುತ್ತಿದ್ದ. ‘ಹೋಗ್ಲಿ ಬಿಡ ಶೇವಂತಿ, ಹಾಡಿದವರದು ಪದ’ ಎಂದು ಅಕ್ಕ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಒಂದೇ ಒಂದು ಪದದ ವಿಷಯದಲ್ಲಿ ಮಾತ್ರ ಅವಳು ಹಾಗೆ ಅಂದದ್ದಿಲ್ಲ.

ಅಕ್ಕನ ಮೊದಲ ಕೂಸು ಹೆಣ್ಣು. ಬೋರಲು ಬೀಳಲು ಆಗತಾನೇ ಕಲಿತಿತ್ತು. ಮಾಮಾ ಮೇಳ ಕಟ್ಟಿಕೊಂಡು ಮುದ್ದೇಬಿಹಾಳಕ್ಕೆ ಹೋಗಿದ್ದಾಗ ಜ್ವರ ಬಂದು ತೀರಿಕೊಂಡಿತು. ಹೇಳಿ ಕಳಿಸಿದೆವು. ಅಷ್ಟರಲ್ಲಿ ಅವನು ಅಲ್ಲಿಂದ ಬಾಗೇವಾಡಿಗೆ ಹೋಗಿದ್ದ. ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಹನಿ ನೀರಿರಲಿಲ್ಲ, ಬಾವಿಯ ಹಗ್ಗ ಹರಿದಿತ್ತು. ಅಕ್ಕ ಸುಮ್ಮನೆ ಎದ್ದು, ಜಂತಿಗೆ ಕಟ್ಟಿದ್ದ ತೊಟ್ಟಿಲಿನ ಹಗ್ಗ ಬಿಚ್ಚಿ ಕೊಡಕ್ಕೆ ಕಟ್ಟಿದಳು. ಅಲ್ಲಿಯವರೆಗೆ ಅತ್ತಿರಲಿಲ್ಲ. ನೀರು ಸೇದುತ್ತ ಸೇದುತ್ತ ಅವಳ ಬಾಯಿಂದ ಬಂತು:

ತೊಟ್ಟಿಲ ಹಗ್ಗ ಬಿಚ್ಚಿ ಕೊಡಕ್ಕ ಕಟ್ಟೇನಿ,
ಕೂಸಿಲ್ಲದ ಮನಿಗಿ ನೀರರ ತುಂಬೇನಿ,
ಸಾಲೋಟಗಿ ಗುರುಲಿಂಗನ ದಾರಿ ನೋಡೇನಿ.

ಪಕ್ಕದಲ್ಲಿ ನಾನಿದ್ದೆ. ನನ್ನ ಕಿವಿಯಾರೆ ಕೇಳಿದ್ದೇನೆ.

ಅವನು ಬಂದ, ಕೇಳಿದ, ಎತ್ತಿಕೊಂಡ. ಅದೇ ಪದ ರೇಡಿಯೋದಲ್ಲಿ ಬಂತು, ಅವನನ್ನು ದೊಡ್ಡವನನ್ನಾಗಿ ಮಾಡಿತು. ಹಾಡುವ ಮೊದಲು ಒಂದು ಕಥೆಯನ್ನೂ ಹೇಳುತ್ತಿದ್ದ: ಕೂಸು ತನ್ನ ತೊಡೆಯ ಮೇಲೆ ಕಣ್ಣು ಮುಚ್ಚಿತಂತೆ, ಆಗ ಹುಟ್ಟಿದ ಪದವಂತೆ. ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಈಗ ಅವನ ಪದಗಳ ಪುಸ್ತಕ ಬರುವುದಿತ್ತು, ಜೊತೆಗೆ ಇಂಡಿಯಲ್ಲಿ ಸತ್ಕಾರ. ಝಳಕಿಯ ನನ್ನ ಖಾನಾವಳಿಗೆ ಬೀಗ ಹಾಕಿ ಹಿಂದಿನ ದಿನವೇ ಸಾಲೋಟಗಿಗೆ ಬಂದಿದ್ದೆ. ಪುಸ್ತಕ ಮಾಡಿದ ಕಾಲೇಜು ಮಾಸ್ತರ ಶ್ರೀಶೈಲ ಮೊದಲ ಪ್ರತಿ ತೋರಿಸಲು ಮನೆಗೆ ಬಂದಿದ್ದ. ಅಕ್ಕ ಚಹಾ ಕೊಟ್ಟು ಅಲ್ಲೇ ನಿಂತಳು.

“ಸರ, ಎಲ್ಲಾ ಪದ ಅವರ ಹೆಸರಿಲೆ ಇರ್ಲಿರಿ. ತೊಟ್ಟಿಲ ಹಗ್ಗದ ಪದ ಅಷ್ಟ ನನ್ನ ಹೆಸರಿಲೆ ಹಾಕ್ರಿ. ಅದು ನನ್ನ ಕೂಸಿಂದು.”

ಶ್ರೀಶೈಲ ಮಕ್ಕಳಿಗೆ ನಗುವಂತೆ ನಕ್ಕ. “ಅವ್ವಾರ, ಕಡೀ ನುಡಿಯಾಗ ಯಾರ ಹೆಸರು ಇರ್ತೈತೋ ಪದ ಅವರದರಿ. ಇದರಾಗ ಗುರುಲಿಂಗ ಅಂತ ಐತಲ್ಲ? ಗಂಡಸಾಗಿ ತಾಯಿ ಕರುಳು ಹೊಕ್ಕು ಹಾಡ್ಯಾರ, ಅದೇ ಅವರ ದೊಡ್ಡಸ್ತಿಕಿ.”

ನನಗೆ ತಡೆಯಲಾಗಲಿಲ್ಲ. “ದಾರಿ ನೋಡೇನಿ ಅಂತ ಐತಲ್ರಿ ಸರ. ತನ್ನ ದಾರಿ ತಾನ ಯಾವನರ ನೋಡ್ತಾನೇನ್ರಿ?”

“ನೀ ಬಾಯಿ ಮುಚ್ಚು,” ಎಂದು ಮಾಮಾ ನನ್ನ ಮೇಲೆ ಹರಿಹಾಯ್ದ. “ಲಾರಿಯವರಿಗೆ ಊಟ ಹಾಕೂದು ಬ್ಯಾರೆ, ಪದ ಬ್ಯಾರೆ.” ಆಮೇಲೆ ಅಕ್ಕನ ಕಡೆ ತಿರುಗಿದ. “ನನ್ನ ಹೆಸರಿಲ್ಲಂದ್ರ ಆ ಪದಾ ಯಾವ ನಾಯಿ ಕೇಳ್ತೈತಿ? ನಾಳೆ ಶಾಲು ಹೊಚ್ತಾರ. ಹೊಚ್ಕೊಂಡು ಸುಮ್ಮ ಕುಂಡ್ರು.”

ಅಕ್ಕ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಬೈದೆ, ಇಷ್ಟು ಅನ್ನಿಸಿಕೊಂಡು ಹೇಗೆ ಬಾಳುತ್ತೀಯ ಎಂದು. ಅವಳು ಕಪ್ಪು ತೊಳೆಯುತ್ತಲೇ ಇದ್ದಳು.

ಮರುದಿನ ಇಂಡಿಯ ಸಭಾಭವನ ತುಂಬಿತ್ತು. ಮಾಮಾ ಅದೇ ತೊಡೆಯ ಕಥೆ ಹೇಳಿದ, ಅದೇ ಪದ ಹಾಡಿದ, ಜನ ಅದೇ ಕಣ್ಣೊರೆಸಿಕೊಂಡರು. ಆಮೇಲೆ ಗಂಡ ಹೆಂಡತಿಯನ್ನು ಜೋಡಿ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು.

ನಮ್ಮ ಕಡೆ ಜೋಡಿ ಕೂರಿಸಿದರೆ ಹೆಂಡತಿಗೆ ಒಡಪು ಹೇಳದೆ ಬಿಡುಗಡೆಯಿಲ್ಲ. ಉಳಿದ ದಿನ ಗಂಡನ ಹೆಸರು ಬಾಯಲ್ಲಿ ಎತ್ತದವಳು, ಆ ಹೊತ್ತು ಎರಡು ಸಾಲು ಕಟ್ಟಿ ಕೊನೆಗೆ ಅವನ ಹೆಸರು ಕೂಡಿಸಿ ಹೇಳಬೇಕು. ಹೆಂಗಸರ ಸಾಲಿನಿಂದ ಕೂಗು ಎದ್ದಿತು: “ಒಡಪು! ಒಡಪು ಹೇಳ್ರಿ ಅವ್ವಾರ!”

ಮಾಮಾ ನಗುತ್ತ ಮೈಕನ್ನು ತಾನೇ ಹಿಡಿದ. “ಹೇಳ, ಗಂಡನ ಹೆಸರು ಚಂದಾಗಿ ಹೇಳ.”

ಅಕ್ಕ ಎದ್ದು ನಿಂತಳು. ತೊಟ್ಟಿಲ ಹಗ್ಗ ಬಿಚ್ಚಿದ್ದು, ಕೊಡಕ್ಕೆ ಕಟ್ಟಿದ್ದು, ಗುರುಲಿಂಗನ ದಾರಿ ನೋಡಿದ್ದು, ಮೂರೂ ಸಾಲು ನಿಧಾನವಾಗಿ ಹೇಳಿದಳು.

“ಏ ಹುಚ್ಚಿ, ಅದು ನನ್ನ ಪದ,” ಎಂದು ಮಾಮಾ ಸಭೆಯ ಕಡೆ ನೋಡಿ ಕಣ್ಣು ಮಿಟುಕಿಸಿದ. “ನಿನ್ನ ಒಡಪು ಹೇಳ.”

“ಇದೇ ನನ್ನ ಒಡಪು,” ಎಂದಳು ಅಕ್ಕ. ಹೆಂಗಸರ ಕಡೆ ತಿರುಗಿದಳು. “ನೀವೆಲ್ಲಾ ಒಡಪಿನಾಗ ಗಂಡನ ಹೆಸರು ಕೂಡಸ್ತೀರಿ. ಹೆಸರು ಐತಿ ಅಂತಂದು ಒಡಪು ಗಂಡ ಕಟ್ಟಿರ್ತಾನೇನ್ರೆವಾ?”

ಮುಂದಿನ ಸಾಲಿನಿಂದ ರಾಮವ್ವ ಎಂಬ ಮುದುಕಿ ಗಟ್ಟಿಯಾಗಿ ಅಂದಳು: “ಎಲ್ಲೀದವ್ವಾ! ನನ್ನ ಗಂಡಗ ತನ್ನ ಪಾಯಜಾಮದ ಲಾಡಿ ಕಟ್ಟಾಕ ಬರತಿದ್ದಿಲ್ಲ, ಒಡಪು ಕಟ್ತಿದ್ನಾ?” ಹೆಂಗಸರು ಹೋ ಎಂದು ನಕ್ಕರು. ಗಂಡಸರು ನಗಲಿಲ್ಲ. ಶ್ರೀಶೈಲ ಪುಸ್ತಕ ತೆರೆದು ಆ ಪುಟ ನೋಡಿದ, ಮುಚ್ಚಿದ, ಮತ್ತೆ ತೆರೆದ.

ಮಾಮಾನ ಮುಖ ಕೆಂಪಾಯಿತು. ಮೈಕನ್ನು ತನ್ನ ಬಾಯಿಗೆ ಎಳೆದುಕೊಂಡ. “ಸಾಕ ಮಾಡು! ಅದರಾಗಿನ ನನ್ನ ಹೆಸರು ತಗದ್ರ ಏನ್ ಉಳೀತೈತಿ? ಮಣ್ಣು!”

“ತಗೀತೇನಿ ತಡೀರಿ,” ಎಂದಳು ಅಕ್ಕ.

ಮೈಕಿಲ್ಲದೆ ಹಾಡಿದಳು. ಅವಳು ನಾಲ್ಕು ಜನರ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಒಡಕು ದನಿ, ನಡುನಡುವೆ ಉಸಿರು ಸಾಲದು. ಆದರೂ ಕೊನೆಯ ಸಾಲು ಬಾಗಿಲವರೆಗೆ ಕೇಳಿಸಿತು:

ತೊಟ್ಟಿಲ ಹಗ್ಗ ಬಿಚ್ಚಿ ಕೊಡಕ್ಕ ಕಟ್ಟೇನಿ,
ಕೂಸಿಲ್ಲದ ಮನಿಗಿ ನೀರರ ತುಂಬೇನಿ,
ಬಾರದವರ ಹೆಸರ ಬಿಟ್ಟು ಗುರವ್ವ ನಾ ಹಾಡೇನಿ.

ನಾನು ಅತ್ತುಬಿಟ್ಟೆ. ಅತ್ತೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಹೆಂಗಸರು ಚಪ್ಪಾಳೆ ತಟ್ಟಲಿಲ್ಲ, ಎದ್ದು ನಿಂತರು. ಮುಖ್ಯ ಅತಿಥಿಗಳು ಯಾವುದೋ ಅವಸರವಿದೆ ಎಂದು ಹೊರಟುಬಿಟ್ಟರು. ಪುಸ್ತಕದ ಕಟ್ಟು ಮೇಜಿನ ಮೇಲೆ ಬಿಚ್ಚದೆ ಉಳಿಯಿತು.

ಜೀಪಿನಲ್ಲಿ ವಾಪಸು ಹೊರಟೆವು. ಹುಲಿ ಮುಂದಿನ ಸೀಟಿನಲ್ಲಿ ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿತ್ತು. ಇಂಡಿ ದಾಟಿದ ಮೇಲೆ ಮಾಮಾ ಬಾಯಿ ಬಿಟ್ಟ. ಹಿಂದೆ ತಿರುಗಲಿಲ್ಲ.

“ಸೋಮಾರ ಸಿಂದಗ್ಯಾಗ ಮೇಳ ಐತಿ. ಮಂದಿ ಪದ ಕೇಳ್ತಾರ. ಏನ್ ಹಾಡ್ಲಿ?”

ಅಕ್ಕ ಶಾಲನ್ನು ಮಡಚಿ ಪಕ್ಕದಲ್ಲಿಟ್ಟಳು.

“ನಿಮ್ಮದು ಅನ್ನೂದು ಏನರ ಇದ್ರ ಹಾಡ್ರಿ.”