ಬೇಸ್ ನೋಡಿ ತಂದ ಗಿಟಾರ್

ಹೆದರುವುದರಲ್ಲಿ ನನ್ನನ್ನು ಮೀರಿಸುವವರು ಇಂಡಿ ತಾಲೂಕಿನಲ್ಲೇ ಇಲ್ಲ. ಹಲ್ಲಿಗೆ ಹೆದರುತ್ತೇನೆ, ಫೋನ್ ರಿಂಗಾದರೆ ಹೆದರುತ್ತೇನೆ, ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದರೂ ಎದೆ ಢವಢವ ಅನ್ನುತ್ತದೆ. ಇಂಥ ನಾನು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಕಲಿತದ್ದು ಒಂದೇ ಕಾರಣಕ್ಕೆ. ಬೇಸ್ ನುಡಿಸುವವರನ್ನು ಯಾರೂ ನೋಡುವುದಿಲ್ಲ. ಹಾಡುವವಳನ್ನು ನೋಡುತ್ತಾರೆ, ಢೋಲಕ್ ಬಾರಿಸುವವನನ್ನು ನೋಡುತ್ತಾರೆ. ಹಿಂದೆ ಸ್ಪೀಕರಿನ ಮಗ್ಗುಲಲ್ಲಿ ದಪ್ಪ ತಂತಿ ಮೀಟುತ್ತ ನಿಂತವಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಂತ ನಾನು ತಿಳಿದಿದ್ದೆ.

ಆರ್ಕೆಸ್ಟ್ರಾ ನಮ್ಮೂರಿನ ಮಹಮ್ಮದಹನೀಫ ಮಾಸ್ತರರದು. ಭಜನೆ, ಕವ್ವಾಲಿ, ಸಿನಿಮಾ ಹಾಡು, ಡೊಳ್ಳಿನ ಪದ, ಯಾರು ಏನು ಕೇಳಿದರೂ ಇಲ್ಲ ಅನ್ನುವವರಲ್ಲ. ಬೇಸ್ ನುಡಿಸುತ್ತಿದ್ದ ಸಂಗಮೇಶಣ್ಣ ಪ್ರಾಕ್ಟೀಸಿನ ಬಿಡುವಿನಲ್ಲಿ ತನ್ನ ಗಿಟಾರನ್ನೇ ನನ್ನ ಕೈಗೆ ಕೊಟ್ಟು ಕಲಿಸಿದ. ಅವನಿಗೆ ಬಸವನ ಬಾಗೇವಾಡಿಯಲ್ಲಿ ನೌಕರಿಯಾಯಿತು. ಹೋಗುವಾಗ ಗಿಟಾರೂ ಹೋಯಿತು.

ಮಾಸ್ತರರು ನನ್ನನ್ನು ಕರೆದರು. "ಐತವಾರ ಝಳಕಿಯೊಳಗ ಮದುವಿ ರಿಸೆಪ್ಶನ್ ಐತಿ. ನೀನs ಬಾರಸ್ಬೇಕು. ನಿಂದs ಒಂದು ಬೇಸ್ ತಗೊ. ಅವತ್ತ ಕೈ ಕೊಟ್ಟಿ ಅಂದ್ರ ಸೊಲ್ಲಾಪುರದ ಹುಡುಗನ್ನ ಕರಸ್ತೇನಿ ನೋಡು, ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ."

"ಹೌದ್ರಿ ಮಾಸ್ತರ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ದಿನವಿಡೀ ಹೆದರುವ ನನಗೆ ಪ್ರಾಕ್ಟೀಸಿನ ಹೊತ್ತಿನ ಆ ಸ್ಪೀಕರಿನ ಮಗ್ಗುಲಿನ ಮೂಲೆಯೊಂದೇ ನಿರಾಳವಾಗಿ ಉಸಿರಾಡುವ ಜಾಗವಾಗಿತ್ತು. ಅದು ಕೈಬಿಟ್ಟು ಹೋದರೆ ಏನು ಮಾಡಲಿ ಎಂದು ಎರಡು ದಿನ ಊಟ ಸೇರಲಿಲ್ಲ.

ಸಂಗಮೇಶಣ್ಣನಿಗೆ ಫೋನ್ ಮಾಡಿದೆ. "ದೊಡ್ಡ ಹೆಸರಿಂದು ಬ್ಯಾಡ, ಅಗ್ಗಂದs ತಗೊ," ಅಂದ. "ನಾಕ ತಂತಿ ಸಾಕು. ತಂತಿ ಕೆಳಗ ದನಿ ಹಿಡಿಯು ಪಿಕಪ್ ಇರ್ತಾವಲ್ಲ, ಅವು ಎರಡ ಇರಬೇಕು. ಕುತ್ತಿಗಿ ಕಡಿಂದು ದುಂಡಗ ಕೇಳತೈತಿ, ಭಜನಿಗೆ ಒಗ್ಗತೈತಿ. ಹಿಂದಿಂದು ಖಡಕ್, ಡಾನ್ಸಿನ ಹಾಡಿಗೆ. ಎರಡೂ ಕೂಡಿಸಿದ್ರ ಕವ್ವಾಲಿ ನಡೀತೈತಿ. ಆದ್ರ ಅಂಗಡಿಯೊಳಗs ಬಾರಿಸಿ ನೋಡು. ತಂತಿ ಗುರ್ರ್ ಅಂತಂದ್ರ ಅಲ್ಲೇ ಬಿಟ್ಟ ಬಾ."

ಅಂಗಡಿಯಲ್ಲಿ ಬಾರಿಸುವುದೇ? ಗುರುತಿಲ್ಲದವರ ಮುಂದೆ? ಅದಕ್ಕಿಂತ ಬಾವಿಗೆ ಇಳಿ ಅಂದಿದ್ದರೆ ಇಳಿಯುತ್ತಿದ್ದೆ. ನನ್ನ ಸೋದರಮಾವ ಸೋಮನಿಂಗ ಟೆಂಪೋದಲ್ಲಿ ಸೊಲ್ಲಾಪುರದ ಮಾರ್ಕೆಟ್ಟಿಗೆ ನಿಂಬೆಹಣ್ಣು ಒಯ್ಯುತ್ತಾನೆ. ಕೂಡಿಟ್ಟ ದುಡ್ಡನ್ನು ಅವನ ಕೈಗೆ ಕೊಟ್ಟು, "ಮಾಮಾ, ಬರೂವಾಗ ಒಂದು ಬೇಸ್ ಗಿಟಾರ್ ತರ್ರಿ," ಎಂದು ಹೇಳಿ ಜಾರಿಕೊಂಡೆ.

ನಮ್ಮ ಕಡೆ ಊಟ ರುಚಿಯಾದರೆ ಬೇಸ್, ಮಳೆ ಚೆನ್ನಾಗಿ ಆದರೆ ಬೇಸ್, ಮದುವೆಯ ಹುಡುಗ ಒಳ್ಳೆಯವನಿದ್ದರೂ ಬೇಸ್. ಈ ಮಾತು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಶನಿವಾರ ಸಂಜೆ ಮಾಮಾ ಚೀಲ ತಂದು ಮಂಚದ ಮೇಲಿಟ್ಟ. ಜಿಪ್ ಎಳೆದೆ. ಸಣ್ಣ ತಂತಿಗಳು. ಎಣಿಸಿದೆ, ಆರು. ಮತ್ತೆ ಎಣಿಸಿದೆ. ಆರೇ.

"ಮಾಮಾ, ಇದು ಬೇಸ್ ಅಲ್ರಿ!"

"ಯಾಕಲ್ಲ? ಬೇಸ್ ನೋಡೇ ತಂದೀನಿ," ಅಂದ ಮಾಮಾ. "ಅಂಗಡ್ಯಾಂವ ಮೊದಲ ನಾಕ ತಂತಿದು ಕೊಡಾಕ ಬಂದಿದ್ದ, 'ಇದs ಬೇಸ್' ಅಂತ. ನಾ ಬಿಡ್ತೇನೇನು? ಎರಡ ತಂತಿ ಕಮ್ಮಿ ಇದ್ದದ್ದು ಬೇಸ್ ಹ್ಯಾಂಗಾಗತೈತಿ, ಆರ ತಂತಿದs ಕೊಡು ಅಂತ ಜಗಳಾಡಿ ತಂದೀನಿ."

ನಮ್ಮವ್ವ ಚಂದವ್ವ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಅಳು ಒತ್ತರಿಸಿ ಬಂತು. ಮಾರನೆಯ ಸಂಜೆ ಕಾರ್ಯಕ್ರಮ. ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಡೋಣ ಅಂತ ಮಾಸ್ತರರಿಗೆ ಫೋನ್ ಹಚ್ಚಿದೆ. ರಿಂಗಾಗುತ್ತಲೇ ಅವರ ದನಿ ನೆನೆದು ಹೆದರಿ ಕಟ್ ಮಾಡಿದೆ. ಒಲ್ಲೆ ಅನ್ನಲಿಕ್ಕೂ ಧೈರ್ಯ ಬೇಕು, ಅದೂ ನನ್ನಲ್ಲಿರಲಿಲ್ಲ.

"ಬಾಯಿಬಿಟ್ಟು ಹೇಳಿದ್ರ ಹಿಂಗ್ಯಾಕ ಆಗ್ತಿತ್ತು?" ಅಂದಳು ಅವ್ವ. "ಮುಂಜಾನಿ ಮಾಮಾನ ಕೂಡ ನೀನs ಹೋಗು."

ಮುಂಜಾನೆ ನಿಂಬೆಹಣ್ಣಿನ ಚೀಲಗಳ ಜೊತೆ ನಾನೂ ಸೊಲ್ಲಾಪುರಕ್ಕೆ ಹೊರಟೆ. ಝಳಕಿಯಲ್ಲಿ ರಸ್ತೆಗೆ ಹೊಂದಿಕೊಂಡೇ ಶಾಮಿಯಾನ ಕಟ್ಟುತ್ತಿದ್ದರು. ಸ್ಟೇಜಿನ ಹಲಗೆಗಳನ್ನು ಇಳಿಸುತ್ತಿದ್ದುದು ಕಂಡಿತು. ಆ ಕಡೆ ನೋಡದೆ ಕಣ್ಣು ಮುಚ್ಚಿ ಕೂತೆ.

ಅಂಗಡಿಯವನಾದ ಹಣಮಂತ್ರಾಯ, ಮಾಮಾನನ್ನು ನೋಡಿದ್ದೇ ತಡ, "ಬರ್ರಿ ಬರ್ರಿ, ಇವತ್ತ ಎಂಟ ತಂತಿದು ಬೇಕೇನ್ರಿ?" ಅಂದ. ಅಲ್ಲಿ ಕುಳಿತಿದ್ದ ಹುಡುಗರು ನಕ್ಕರು. ನಾನು ಮಾಮಾನ ಬೆನ್ನ ಹಿಂದೆ ಸರಿದೆ. ಸಂಗತಿ ಕೇಳಿ ಹಣಮಂತ್ರಾಯ ಬದಲಿಸಿ ಕೊಡಲು ಒಪ್ಪಿದ. "ಆದ್ರ ಇನ್ನೊಮ್ಮಿ ತಿರುಗಿ ತಗೊಳ್ಳಂಗಿಲ್ಲ ತಂಗಿ. ಬಾರಿಸಿ ನೋಡೇ ಒಯ್ಯಿ."

ಮೊದಲು ಕೊಟ್ಟದ್ದು ಕೆಂಪಗೆ ಮಿರಿಮಿರಿ ಮಿಂಚುತ್ತಿತ್ತು. ತಂತಿ ಒತ್ತಿದಲ್ಲೆಲ್ಲ ಗುರ್ರ್ ಎಂದಿತು. ಎರಡನೆಯದು ಐದು ತಂತಿಯದು. ಮಾಮಾನ ಮುಖ ಅರಳಿತು, ಆದರೆ ಅದರ ಭಾರಕ್ಕೆ ನನ್ನ ಹೆಗಲು ಇಳಿದುಹೋಯಿತು. ಮೂರನೆಯದು ಮಾಸಿದ ಕಂದು ಬಣ್ಣದ, ನೋಡಲು ಏನೂ ಅಲ್ಲದ ಗಿಟಾರು. ನಾಲ್ಕು ತಂತಿ, ಎರಡು ಪಿಕಪ್, ಕುತ್ತಿಗೆ ನನ್ನ ಸಣ್ಣ ಬೆರಳಿಗೂ ಸಿಗುವಷ್ಟು ತೆಳು. ಬೆಲೆಯೂ ನಮ್ಮ ಅಳತೆಯದೇ. ಆದರೆ ಸ್ಪೀಕರಿಗೆ ಹಚ್ಚಿದ ಮೇಲೆ ನಾನು ಮೀಟಿದ್ದು ನನಗೊಬ್ಬಳಿಗೇ ಕೇಳಿಸಿತು. ವಾಲ್ಯೂಮ್ ಪೂರಾ ಇಳಿಸಿಟ್ಟಿದ್ದೆ.

"ಏನೂ ಕೇಳಸವಲ್ದಲ್ಲ," ಎನ್ನುತ್ತ ಮಾಮಾ ಬಂದು ಕೈಗೆ ಸಿಕ್ಕ ತಿರುಪನ್ನು ಪೂರ್ತಿ ತಿರುಗಿಸಿಬಿಟ್ಟ.

ಧುಂ ಎಂದಿತು. ಕಪಾಟಿನ ಗಾಜುಗಳು ಗಡಗಡ ಅಂದವು. ಹುಡುಗರು ತಿರುಗಿ ನೋಡಿದರು. ಹೆದರಿಕೆ ಬಂದಾಗ ಎದೆಯ ಕೆಳಗೆ ಎಲ್ಲಿ ನಡುಗುತ್ತದೋ ಅಲ್ಲೇ ಈ ದನಿಯೂ ನಡುಗುತ್ತಿತ್ತು. ಯಾವುದು ಹೆದರಿಕೆ, ಯಾವುದು ತಂತಿ ಎಂದು ತಿಳಿಯಲಿಲ್ಲ. ಕೈ ನಿಲ್ಲಿಸಿದರೆ ಬರೀ ಹೆದರಿಕೆ ಉಳಿಯುತ್ತದೆ ಅನಿಸಿ ನಿಲ್ಲಿಸಲಿಲ್ಲ. ಕುತ್ತಿಗೆಯ ಪಿಕಪ್ಪಿನಲ್ಲಿ ಭಜನೆಯ ನಡೆ, ಹಿಂದಿನದರಲ್ಲಿ ಡಾನ್ಸಿನ ಹಾಡು, ಎರಡೂ ಕೂಡಿಸಿ ಕವ್ವಾಲಿ. ಮೂರಕ್ಕೂ ಒಗ್ಗಿತು.

"ಇದs ಇರಲಿ," ಅಂದೆ. ಅಂಗಡಿಯಲ್ಲಿ ನಾನಾಡಿದ ಮಾತು ಅದೊಂದೇ.

"ಎರಡ ತಂತಿ ಕಮ್ಮೀನs ಆತು," ಎಂದು ಮಾಮಾ ಟೆಂಪೋದಲ್ಲೂ ಗೊಣಗುತ್ತಿದ್ದ.

ಝಳಕಿಯಲ್ಲಿ ಸಂಜೆ ಸ್ಟೇಜ್ ಹತ್ತಿದೆ. ಮೂಲೆ ಹಿಡಿದು ನಿಂತೆ. ಭಜನೆ ದಾಟಿತು. ಒಂದು ಸಿನಿಮಾ ಹಾಡು ದಾಟಿತು. ಕವ್ವಾಲಿ ಏರುತ್ತಿರುವಾಗ ಯಾರೋ ಮೊಬೈಲಿನ ಲೈಟು ಸೀದಾ ನನ್ನ ಮುಖಕ್ಕೆ ಬಿಟ್ಟರು. ನನ್ನ ಕೈ ನಿಂತಿತು.

ಯಾರಿಗೂ ಗೊತ್ತಾಗುವುದಿಲ್ಲ, ಬೇಸ್ ತಾನೆ, ಅಂದುಕೊಂಡೆ. ಆದರೆ ಹಾಡು ಒಮ್ಮೆಲೇ ಬಡವಾಯಿತು. ಢೋಲಕ್‌ನ ರಸೂಲಸಾಬನ ಪೆಟ್ಟು ತಪ್ಪಿತು. ಹಾಡುತ್ತಿದ್ದ ವಿದ್ಯಾವತಿ ಸಾಲಿನ ನಡುವೆಯೇ ಹಿಂತಿರುಗಿ ನೋಡಿದಳು. ಕುಣಿಯುತ್ತಿದ್ದವರು ನಿಂತರು. ಮಾಸ್ತರರು ನೋಡಿದರು. ಜನ್ಮವೆಲ್ಲ ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ನಾನು ನಿಂತರೆ ಹಾಡೇ ನಿಲ್ಲುತ್ತದೆ. ಇದು ನನಗೆ ಯಾರೂ ಹೇಳಿರಲಿಲ್ಲ.

ಎಲ್ಲಕ್ಕಿಂತ ದಪ್ಪ ತಂತಿ ಮೀಟಿದೆ. ರಸೂಲಸಾಬ ತಲೆಯಾಡಿಸಿ ಅದನ್ನು ಹಿಡಿದ. ವಿದ್ಯಾವತಿ ಅದರ ಮೇಲೆ ಕಾಲಿಟ್ಟವಳಂತೆ ಮತ್ತೆ ಏರಿದಳು. ಕುಣಿತ ಶುರುವಾಯಿತು. ಅಂಜಿಕೆ ಹೋಗಲಿಲ್ಲ. ಕೊನೆಯ ಹಾಡಿನವರೆಗೂ ಅಂಜುತ್ತಲೇ ಬಾರಿಸಿದೆ.

ಮುಗಿದ ಮೇಲೆ ಮಾಸ್ತರರು ಬಳಿ ಬಂದರು. ಈಗ ಸೊಲ್ಲಾಪುರದ ಹುಡುಗನ ಹೆಸರು ಬರುತ್ತದೆ ಎಂದು ಗಿಟಾರನ್ನು ಗಟ್ಟಿಯಾಗಿ ಅಪ್ಪಿಕೊಂಡೆ.

"ಮುಂದಿನ ಐತವಾರ ಮುದ್ದೇಬಿಹಾಳ," ಅಂದರು. "ಅಲ್ಲೆ ಮಾತ್ರ ನಿಲ್ಲಬ್ಯಾಡ."

ಮಾಮಾ ಜಿಲೇಬಿಯ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದ. "ಖರೇ ಹೇಳ್ಲೇನು ಭಾಗ್ಯಾ? ನಿಂದು ನನಗ ಕೇಳಿಸಲೇ ಇಲ್ಲ. ನೀ ನಿಂತಿದ್ದು ಮಾತ್ರ ಕೇಳಿಸ್ತು ನೋಡು." ಆಮೇಲೆ ಗಿಟಾರಿನ ತಂತಿಗಳನ್ನು ಇನ್ನೊಮ್ಮೆ ಕಣ್ಣಲ್ಲೇ ಎಣಿಸಿ, "ಇರಲಿ, ಬೇಸ್ ಐತಿ," ಅಂದ.

ನನಗೆ ಆಗಲೇ ಮುದ್ದೇಬಿಹಾಳದ ಹೆದರಿಕೆ ಶುರುವಾಗಿತ್ತು.