ಮುಖದ ಚಡ್ಡಿ

"ಮುಖದ ಚಡ್ಡಿ ಒಂದು ಪೊಟ್ಟಣ ಕೊಡಮ್ಮ," ಎಂದು ಶಿಗೆನೊ ಕೇಳಿದಳು.

ಔಷಧಿ ಅಂಗಡಿಯ ಹುಡುಗಿ ಗಲ್ಲಾದ ಹಿಂದೆ ಕುಸಿದು ಕೂತು ನಕ್ಕಳು.

"ಅಜ್ಜಿ, ಈ ಹೆಸರು ನಿಮಗೆ ಯಾರು ಹೇಳಿಕೊಟ್ರು?"

"ನನ್ನ ಮೊಮ್ಮಗಳು. ಮುಗಿದುಹೋಗಿದೆ, ತಗೊಂಡು ಬಾ ಅಂದಳು. ಯಾವ ಕಂಪನಿಯದು ಅಂತ ಕೇಳೋದು ಮರೆತೆ."

"ಕಂಪನಿ ಹೆಸರಲ್ಲ ಅಜ್ಜಿ. ನಮ್ಮ ವಯಸ್ಸಿನವರು ಮಾಸ್ಕಿಗೆ ಹಾಗಂತೀವಿ." ಹುಡುಗಿ ಕಣ್ಣೊರೆಸಿಕೊಂಡು ಪೊಟ್ಟಣ ತೆಗೆದಿಟ್ಟಳು. ಅವಳ ಮುಖದ ಮೇಲೂ ಮಾಸ್ಕ್ ಇತ್ತು. "ನಾಲ್ಕು ಜನರ ಮುಂದೆ ಇದನ್ನ ತೆಗೆಯೋದು ಅಂದ್ರೆ ಚಡ್ಡಿ ಬಿಚ್ಚಿದ ಹಾಗೆ. ನಾನು ನಗಬಾರದಿತ್ತು. ನಗೋ ವಿಷಯ ಅಲ್ಲ ಅದು."

ಮನೆಯ ದಾರಿಯುದ್ದಕ್ಕೂ ಶಿಗೆನೊಗೆ ಆ ಮಾತೇ. ರೋಗ ಬಂದು ಹೋಗಿತ್ತು. ಮಾಸ್ಕ್ ಕಡ್ಡಾಯವಲ್ಲವೆಂದು ಸರಕಾರವೂ ಹೇಳಿಯಾಗಿತ್ತು. ಆದರೆ ಮೊಮ್ಮಗಳು ಚಿಗುಸಾ ಕಳೆದ ಶರತ್ಕಾಲದಿಂದ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ರೋಗದ ಕಾಲದಲ್ಲಿ ಶಾಲೆಯ ಮಕ್ಕಳೆಲ್ಲ ಕಪ್ಪುಹಲಗೆಯ ಕಡೆ ತಿರುಗಿ, ತುಟಿಪಿಟಕ್ಕೆನ್ನದೆ ಉಣ್ಣಬೇಕಿತ್ತು. ಹಾಗೆ ಬೆಳೆದ ಹುಡುಗಿ. ನಿಯಮ ಸಡಿಲವಾದ ಮೇಲೆ ಒಂದು ದಿನ ನೀರು ಕುಡಿಯಲು ಮಾಸ್ಕ್ ಇಳಿಸಿದಾಗ ಪಕ್ಕದ ಹುಡುಗ, "ಓ, ನಿನ್ನ ಮುಖ ಹೀಗಿದೆಯಾ?" ಎಂದನಂತೆ. ಅಷ್ಟೇ. ಅವನು ಅದನ್ನು ಸಂಜೆಯೊಳಗೆ ಮರೆತಿರಬೇಕು. ಇವಳು ಅಂದಿನಿಂದ ಊಟದ ತಟ್ಟೆಯನ್ನು ಮಹಡಿಯ ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳತೊಡಗಿದಳು. ಮಗ ಗದರಿದ, ಸೊಸೆ ಅತ್ತಳು. ಬಾಗಿಲು ತೆರೆಯಲಿಲ್ಲ.

ಭಾನುವಾರ ಶಿಗೆನೊಳ ಗಂಡನ ತಿಥಿ. ಅವನನ್ನು ಆ ರೋಗವೇ ಕೊಂಡೊಯ್ದಿತ್ತು. ಆಸ್ಪತ್ರೆಯಿಂದ ಬಂದದ್ದು ಬಿಳಿ ಬಟ್ಟೆ ಸುತ್ತಿದ ಬೂದಿಯ ಪೆಟ್ಟಿಗೆ. ಆ ಸೀಮೆಯಲ್ಲಿ ತಿಥಿಗೆ ಬಂದವರಿಗೆ ಬೆಳಗ್ಗೆ ಉದೊನ್, ಅಂದರೆ ಗೋಧಿಯ ದಪ್ಪ ಶಾವಿಗೆ, ಬಡಿಸದೆ ಕಳಿಸುವುದಿಲ್ಲ. ಅಂತ್ಯಕ್ರಿಯೆಯ ದಿನ ಅದೂ ಆಗಿರಲಿಲ್ಲ. ಈ ಸಲ ಆಗಬೇಕು, ಚಿಗುಸಾ ಎಲ್ಲರ ಜೊತೆ ಕೂತು ಉಣ್ಣಬೇಕು ಎಂದು ಶಿಗೆನೊ ನಿಶ್ಚಯಿಸಿದ್ದಳು. ತಾತನಿಗಾಗಿ ಬಾರದವಳು ಇನ್ನು ಯಾರಿಗಾಗಿ ಹೊರಗೆ ಬಂದಾಳು?

ಪೊಟ್ಟಣವನ್ನು ಬಾಗಿಲ ಸಂದಿಯಲ್ಲಿ ಕೊಡುತ್ತ ಕೇಳಿದಳು, "ಭಾನುವಾರ ಕೆಳಗೆ ಬರ್ತೀಯಲ್ಲ ಪುಟ್ಟಿ?"

"ಮಂತ್ರಕ್ಕೆ ಬರ್ತೀನಿ. ಊಟದ ಹೊತ್ತಿಗೆ ಮೇಲೆ ಬಂದುಬಿಡ್ತೀನಿ."

"ತಾತ ಏನಂದುಕೊಂಡಾರು?"

"ತಾತ ಫೋಟೊದಲ್ಲಿದ್ದಾರೆ ಅಜ್ಜಿ. ಏನೂ ಅಂದುಕೊಳ್ಳಲ್ಲ."

"ಫೋಟೊದಲ್ಲಿದ್ದರೆ ಕಿವಿ ಇರಲ್ವಾ?"

ಬಾಗಿಲು ಮುಚ್ಚುವುದು ಸ್ವಲ್ಪ ತಡವಾಯಿತು. ಇಬ್ಬರಿಗೂ ಒಂದೇ ನೆನಪು ಬಂದಿರಬೇಕು. ಶಾವಿಗೆಯನ್ನು ಸೊರ್ರೆಂದು ಸದ್ದು ಮಾಡಿ ಎಳೆದುಕೊಳ್ಳದವರನ್ನು ಕಂಡರೆ ಮುದುಕನಿಗೆ ಆಗುತ್ತಿರಲಿಲ್ಲ. ಮಕ್ಕಳು ಸದ್ದಿಲ್ಲದೆ ತಿಂದರೆ ಪಕ್ಕದ ಕೋಣೆಯಿಂದಲೇ ಕೂಗುತ್ತಿದ್ದ: "ಯಾರೇ ಅಲ್ಲಿ ಸತ್ತಿರೋದು?"

ಭಾನುವಾರ ಬೌದ್ಧ ಗುರುಗಳ ಮಂತ್ರ ಮುಗಿಯಿತು. ಬಂಧುಗಳು ಎದುರುಬದುರಾಗಿ ಎರಡು ಸಾಲು ಕೂತರು. ಚಿಗುಸಾ ಶಾಲೆಯ ಸಮವಸ್ತ್ರದಲ್ಲಿ, ಮಾಸ್ಕ್ ಹಾಕಿಕೊಂಡು ಮೂಲೆ ಹಿಡಿದಿದ್ದಳು.

"ಏನೇ ಇದು, ಇನ್ನೂ ಮುಖ ಮುಚ್ಕೊಂಡಿದೀಯ?" ಎಂದಳು ಸೋದರತ್ತೆ ನಾಮಿಕೊ. "ನಾವೇನು ಹೆಣ್ಣು ನೋಡೋಕೆ ಬಂದಿದೀವಾ?"

"ನೀನು ಬೆರಳು ಚೀಪೋದು ಬಿಟ್ಟಿದ್ದು ಎರಡನೇ ಕ್ಲಾಸಿನಲ್ಲಿ," ಎಂದಳು ಶಿಗೆನೊ ಮಗಳಿಗೆ. "ಸುಮ್ನೆ ಕೂತ್ಕೋ."

ಸಾಲಿನಲ್ಲಿ ನಗು ಎದ್ದಿತು. ಚಿಗುಸಾ ಮಾತ್ರ ಎದ್ದು ಮಹಡಿಯ ಮೆಟ್ಟಿಲಿನ ಕಡೆ ನಡೆದಿದ್ದಳು. ಶಿಗೆನೊ ಅವಳನ್ನು ಕರೆಯಲಿಲ್ಲ. ಬುದ್ಧನ ಪೀಠದ ಮುಂದೆ, ಗಂಡನ ಫೋಟೊ ಇದ್ದಲ್ಲಿ, ಒಂದು ಗಿಡ್ಡ ಮೇಜು ಹಾಕಿದಳು. ಗಂಡನಿಗೊಂದು ಬಟ್ಟಲು, ಅದರ ಪಕ್ಕಕ್ಕೆ ಇನ್ನೊಂದು. ಹಬೆ ಏಳುತ್ತಿತ್ತು.

"ಇಲ್ಲಿ ಕೂತ್ಕೋ ಪುಟ್ಟಿ. ಎಲ್ಲರಿಗೂ ಬೆನ್ನು ಹಾಕಿ. ಸ್ಕೂಲಿನ ಹಾಗೇ, ಮುಂದೆ ನೋಡ್ಕೊಂಡು. ಆದರೆ ಸದ್ದು ಮಾಡಬೇಕು. ತಾತನಿಗೆ ಈಗ ಕಿವಿ ಮಂದ."

"ಅಮ್ಮ, ಗುರುಗಳಿಗೆ ಬೆನ್ನು ಹಾಕಿ ಕೂರೋದಾ?" ನಾಮಿಕೊ ಪಿಸುಗುಟ್ಟಿದಳು.

"ಮುಖ ಬುದ್ಧನ ಕಡೆ ಇರುತ್ತಲ್ಲಮ್ಮ," ಎಂದರು ಗುರುಗಳು. "ನನಗೆ ಹೊಟ್ಟೆ ಹಸಿದಿದೆ."

ಹುಡುಗಿ ಮೆಟ್ಟಿಲ ಬುಡದಲ್ಲೇ ನಿಂತಿದ್ದಳು. ಶಿಗೆನೊ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು: "ಆಸ್ಪತ್ರೆಯವರು ಕೊನೆಗೂ ತಾತನಿಗೆ ನಮ್ಮ ಮುಖ ತೋರಿಸೋಕೆ ಬಿಡಲಿಲ್ಲ. ಈಗ ಅವರೊಬ್ಬರಿಗೆ ತೋರಿಸಿಬಿಡು."

ಚಿಗುಸಾ ಬಂದು ಕೂತಳು. ಬಹಳ ಹೊತ್ತು ಅವಳ ಬೆನ್ನು ಅಲುಗಲಿಲ್ಲ. ಬಂಧುಗಳ ಊಟದ ಕಡ್ಡಿಗಳೂ ಬಟ್ಟಲಿನ ಮೇಲೆಯೇ ನಿಂತಿದ್ದವು. ಆಮೇಲೆ ಅವಳ ಒಂದು ಕೈ ಕಿವಿಯ ಹತ್ತಿರ ಹೋಗಿ ಬಂತು. ಸಣ್ಣಗೆ ಏನೋ ಎಳೆದ ಸದ್ದಾಯಿತು, ಅರ್ಧಕ್ಕೇ ನಿಂತಿತು.

ಶಿಗೆನೊ ಗಂಟಲು ದಪ್ಪ ಮಾಡಿಕೊಂಡು ಕೂಗಿದಳು: "ಯಾರೇ ಅಲ್ಲಿ ಸತ್ತಿರೋದು?"

ಹುಡುಗಿಯ ಭುಜಗಳು ಕುಲುಕಿದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಹಿಂದಿನಿಂದ ತಿಳಿಯುವಂತಿರಲಿಲ್ಲ. ಮರುಗಳಿಗೆಯೇ ಸೊರ್ರೆಂದು ಒಂದು ಸದ್ದು ಎದ್ದಿತು, ಉದ್ದವಾಗಿ, ಸಾರು ಚಿಮ್ಮುವಷ್ಟು ಜೋರಾಗಿ. ಅದಕ್ಕೆ ಉತ್ತರವೆಂಬಂತೆ ಗುರುಗಳು ಎಳೆದರು. ಆಮೇಲೆ ಇಡೀ ಕೋಣೆ ಸದ್ದಾಯಿತು.

ಶಿಗೆನೊ ಅಡಿಗೆಮನೆಯಿಂದ ಇನ್ನೊಂದು ಪಾತ್ರೆ ಶಾವಿಗೆ ಹೊತ್ತು ಬರುವಾಗ, ಪೀಠದ ಮುಂದಿನಿಂದ ಒಂದು ಖಾಲಿ ಬಟ್ಟಲು ಹಿಂದಕ್ಕೆ ಚಾಚಿಕೊಂಡಿತ್ತು. ಚಿಗುಸಾ ತಿರುಗಿರಲಿಲ್ಲ. ಮಾಸ್ಕ್ ಅವಳ ಎಡಗಿವಿಯಿಂದ ಜೋತುಬಿದ್ದು, ಹಬೆಯಲ್ಲಿ ಮೆಲ್ಲಗೆ ತೂಗುತ್ತಿತ್ತು.