ಬೆಡಗು ಕೇಳಿ ನೆಟ್ಟ ಬದನೆ

ನಾನೊಂದು ತಗಡಿನ ಬೋರ್ಡು. ಅಷ್ಟಕ್ಕೇ ಮೂಗು ಮುರಿಯಬೇಡಿ. ಗದಗಿನ ಒಬ್ಬ ಪೇಂಟರ್ ನನಗೆ ಹಳದಿ ಬಣ್ಣ ಬಳಿದು, ‘ಗದಗ – ರೋಣ’ ಎಂದು ಕರಿ ಅಕ್ಷರದಲ್ಲಿ ಬರೆದು, ಒಂದು ಹೆಜ್ಜೆ ಹಿಂದೆ ಸರಿದು ನಿಂತು “ಭೇಷ್!” ಅಂದ ದಿನ ನಾನು ಹುಟ್ಟಿದೆ. ಹನ್ನೊಂದು ವರ್ಷ ಬಸ್ಸಿನ ಹಣೆಯ ಮೇಲೆ ಮೆರೆದೆ. ಓದಲು ಬಾರದವರೂ ಕತ್ತೆತ್ತಿ ನನ್ನನ್ನು ನೋಡಿಯೇ, “ಇದು ರೋಣಕ್ಕ ಹೊಕ್ಕೈತೇನ್ರಿ?” ಎಂದು ಪಕ್ಕದವರನ್ನು ಕೇಳುತ್ತಿದ್ದರು. ಸೊಕ್ಕಿತ್ತು, ಸುಳ್ಳೇಕೆ ಹೇಳಲಿ?

ಆಮೇಲೆ ಬಸ್ಸುಗಳಿಗೆ ದೀಪದ ಅಕ್ಷರಗಳು ಬಂದವು, ನಾನು ಡಿಪೋದ ಮೂಲೆ ಸೇರಿದೆ. ಅಲ್ಲಿಂದ ನನ್ನನ್ನು ಕೇಳಿ ಪಡೆದವನು ಕಂಡಕ್ಟರ್ ಗುರುಪಾದಪ್ಪ. ಅವನು ನಿವೃತ್ತನಾದ ದಿನ ಕೊರಳಲ್ಲಿ ಹಾರ, ಕಂಕುಳಲ್ಲಿ ನಾನು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ನೀಲವ್ವ ಹಾರದ ಕಡೆ ನೋಡಲೇ ಇಲ್ಲ.

“ಅಲ್ರೀ, ಮೂವತ್ತ ವರ್ಷ ದುಡದದ್ದಕ್ಕ ಈ ತಗಡ ಕೊಟ್ಟ ಕಳಿಸಿದ್ರೇನ್ರಿ?” ಅಂದಳು. ನನಗೆ ಸಿಟ್ಟು ಬಂತು. ಆದರೆ ಮುಂದೆ ನನ್ನ ಬಾಳು ಆಕೆಯ ಕೈಯಲ್ಲೇ ಇತ್ತು.

ನೀಲವ್ವ ರೋಣದ ಹತ್ತಿರದ ಒಕ್ಕಲುತನದ ಮನೆಯ ಮಗಳು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬುತ್ತಿ ಒಯ್ದು, ಎಡೆಯ ಅಡಿಗೆಯನ್ನು ಪೈರಿನೊಳಗೆ ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕೂತು ಉಣ್ಣುವುದು ಆ ಸೀಮೆಯ ರೂಢಿ. ಗಂಡನಿಗೆ ಹೊಲವಿಲ್ಲದ್ದರಿಂದ ಆಕೆ ಪ್ರತಿ ವರ್ಷ ಅಣ್ಣ ಅಂದಾನಪ್ಪನ ಹೊಲಕ್ಕೇ ಹೋಗುತ್ತಿದ್ದಳು. ಗುರುಪಾದಪ್ಪ ನಿವೃತ್ತನಾದ ವರ್ಷ ಅಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಳಂತೆ: “ಮುಂದಿನ ಚರಗ ನನ್ನ ಹಿತ್ತಲಾಗ. ಎಣ್ಣಿಗಾಯಿ ನಾ ಬೆಳದ ಬದನಿಕಾಯಿದ.”

“ತಂಗೀ, ನಿನ್ನ ಹೊಲಾ ನಾಕ ಹೆಜ್ಜಿ,” ಎಂದನಂತೆ ಅಂದಾನಪ್ಪ. “ಚರಗ ಚೆಲ್ಲಿದ್ರ ಮಗ್ಗಲ ಮನ್ಯಾಗ ಬೀಳತೈತಿ!” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆಯೂ ನಕ್ಕಳು, ಆದರೆ ಮಾತು ಮನಸ್ಸಿಗೆ ನಾಟಿತು.

ಹಿತ್ತಲಲ್ಲಿ ಕಾಯಿಪಲ್ಲೆಯ ನಾಲ್ಕು ಮಡಿಗಳಿದ್ದವು. ಗುರುಪಾದಪ್ಪ ನನ್ನ ಬೆನ್ನಿಗೆ ಕರಿ ಬಣ್ಣ ಬಳಿದು, ಮುಖವನ್ನು ಗೋಡೆಗೆ ತಿರುಗಿಸಿ ತೂಗುಹಾಕಿದ. ಬೆನ್ನ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದ. “ನೋಡು, ಬೆಳಿ ಅಂದ್ರ ಬಸ್ಸು, ಮಡಿ ಅಂದ್ರ ಸ್ಟ್ಯಾಂಡು. ಒಂದ ಬಸ್ಸು ಒಂದ ಸ್ಟ್ಯಾಂಡಿನ್ಯಾಗ ಎರಡ ಸಲ ನಿಲ್ಲೂ ಹಂಗಿಲ್ಲ!” ಒಂದನೇ ಮಡಿಗೆ ಬದನೆ, ಎರಡನೆಯದಕ್ಕೆ ಟೊಮ್ಯಾಟೊ, ಮೂರನೆಯದಕ್ಕೆ ಮೆಣಸಿನಗಿಡ. ಒಗೆಯುವ ಕಲ್ಲಿನ ಪಕ್ಕದ ನಾಲ್ಕನೆಯದಕ್ಕೆ ಉಳ್ಳಾಗಡ್ಡಿ.

ಬದನೆ ಹೂವಿಗೆ ಬಂದಾಗ ಒಂದು ಮಧ್ಯಾಹ್ನ ಎಲೆಗಳು ಜೋತುಬಿದ್ದವು. ಎಲೆ ಹಸಿರಾಗಿಯೇ ಇತ್ತು, ಆದರೂ ನಾಲ್ಕು ದಿನದಲ್ಲಿ ಗಿಡ ಸತ್ತಿತು. ಮುಂದಿನ ವರ್ಷ ಗುರುಪಾದಪ್ಪ ಡ್ಯೂಟಿ ಬದಲಿಸಿದ. ಬದನೆಯ ಜಾಗಕ್ಕೆ ಟೊಮ್ಯಾಟೊ, ಟೊಮ್ಯಾಟೊ ಜಾಗಕ್ಕೆ ಮೆಣಸು, ಮೆಣಸಿನ ಜಾಗಕ್ಕೆ ಬದನೆ, ಉಳ್ಳಾಗಡ್ಡಿ ಜಾಗಕ್ಕೆ ಬೆಳ್ಳುಳ್ಳಿ. ಈ ಸಲ ಮೊದಲಿನ ಮೂರೂ ಮಡಿ ಸೊರಗಿದವು. ನೀಲವ್ವ ಎರಡನೇ ಸಲವೂ ಚರಗಕ್ಕೆ ಕರೆದದ್ದನ್ನು ಹಿಂದಕ್ಕೆ ತೆಗೆದುಕೊಂಡು ಅಣ್ಣನ ಹೊಲಕ್ಕೇ ಹೋದಳು. “ಎಲ್ಲೈತವಾ ನಿನ್ನ ಬದನಿಕಾಯಿ?” ಎಂದು ಅವನು ಕೇಳಿದನಂತೆ. ಮನೆಗೆ ಬಂದವಳೇ ಗಂಡನಿಗೆ, “ಬರೂ ವರ್ಷಾನೂ ಬರಲಿಲ್ಲಂದ್ರ ಹಿತ್ತಲಕ್ಕ ಫರಸಿ ಕಲ್ಲ ಹಾಸಿಬಿಡ್ರಿ. ಬಟ್ಟಿ ಒಣಹಾಕಾಕರ ಆಗತೈತಿ,” ಅಂದಳು. ಮಡಿಗಳಿಲ್ಲದ ಹಿತ್ತಲಲ್ಲಿ ನನಗೇನು ಕೆಲಸ?

ಮರುದಿನ ಸೊರಗಿದ ಗಿಡ ಕೀಳುತ್ತಿದ್ದ ನೀಲವ್ವ ಅವುಗಳಲ್ಲಿ ಉಳಿದಿದ್ದ ಮೂರು ಹೂಗಳನ್ನು ಕಿತ್ತು ಒಗೆಯುವ ಕಲ್ಲಿನ ಮೇಲಿಟ್ಟಳು. ಬದನೆಯದು ನೇರಳೆ, ಟೊಮ್ಯಾಟೊದ್ದು ಹಳದಿ, ಮೆಣಸಿನದು ಬಿಳಿ. ಬಗ್ಗಿ ನೋಡಿದಳು, ಮತ್ತೆ ನೋಡಿದಳು. “ಏನ್ರೀ! ಲಗೂನ ಬರ್ರಿ ಇಲ್ಲೆ!”

ಗುರುಪಾದಪ್ಪ ಚಹಾದ ಕಪ್ಪು ಹಿಡಿದೇ ಓಡಿಬಂದ.

“ಮುಖಾ ನೋಡ್ರಿ ಇವುಗಳ್ದು. ಬಣ್ಣಾ ಬ್ಯಾರೆ, ಮೂಗು ಕಣ್ಣು ಒಂದ. ಮೂರೂ ಅಣ್ಣತಮ್ಮಂದಿರು! ಬೆಡಗು ಕೇಳದ ನಾವು ಹೆಣ್ಣ ಕೊಡ್ತೇವೇನ್ರಿ? ಒಂದ ಬೆಡಗಿನವ್ರನ್ನ ಒಬ್ಬರ ಹಿಂದ ಒಬ್ಬರನ್ನ ಅದ ಮನ್ಯಾಗ ಕುಂಡ್ರಿಸೀರಿ. ಒಬ್ಬಗ ಬಂದ ಬ್ಯಾನಿ ಮಣ್ಣಾಗ ಉಳದು ಎಲ್ಲಾರಿಗೂ ಬಂತು.”

“ಮತ್ತ ನನ್ನ ಟೈಮ್ ಟೇಬಲ್ಲು?”

“ನಿಮ್ಮ ಬಸ್ಸಿನ ಬೋರ್ಡ ಬ್ಯಾರೆ, ಡಿಪೋ ಒಂದ!” ಅಂದವಳೇ ಸೆರಗಿನಿಂದ ನನ್ನ ಬೆನ್ನು ಒರೆಸಿಬಿಟ್ಟಳು. ಆಹಾ, ಎಂಥ ಹಿತವಾಗಿತ್ತು! ಒಂದೇ ಮನೆತನದವರು ತಮ್ಮತಮ್ಮಲ್ಲಿ ಮದುವೆಯಾಗದಂತೆ ಹಿರಿಯರು ಬೆಡಗು ನೋಡುತ್ತಿದ್ದರಲ್ಲ, ಆಕೆ ಹಾಗೆಯೇ ಬೆಳೆಗಳ ಬೆಡಗು ಬರೆದಳು. ಬದನೆ, ಟೊಮ್ಯಾಟೊ, ಮೆಣಸು ಒಂದು. ಅವರೆ, ಅಲಸಂದಿ ಒಂದು. ಹೀರೆ, ಸವತೆ ಒಂದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಂದು. ಒಂದು ಬೆಡಗು ಬಿಟ್ಟ ಮಡಿಗೆ ಅದೇ ಬೆಡಗು ಮೂರು ವರ್ಷ ಕಾಲಿಡಬಾರದು. ಬದನೆ ಬೆಡಗಿನ ನೆರಳೂ ಬೀಳದೆ ಉಳಿದದ್ದು ನಾಲ್ಕನೇ ಮಡಿ ಮಾತ್ರ.

ಆ ವರ್ಷ ಹದಿನೆಂಟು ಬದನೆ ಸಸಿಗಳನ್ನು ಅಲ್ಲಿ ನೆಟ್ಟಳು. ದಿನವೂ ಮಧ್ಯಾಹ್ನ ಗಂಡ ಹೆಂಡತಿ ಊಟ ಬಿಟ್ಟು ಬಂದು ಎಲೆ ನೋಡುವರು. ಹೂ ಬಿಟ್ಟವು, ಮಿಡಿ ಕಚ್ಚಿದವು. ಎಳ್ಳಮಾವಾಸ್ಯೆಗೆ ಒಂಬತ್ತು ದಿನ ಇರುವಾಗ ತುದಿಯ ಗಿಡ ಜೋತುಬಿತ್ತು. ನೀಲವ್ವ ಗಿಡ ಎಳೆದಳು, ಅದು ಸಲೀಸಾಗಿ ಕೈಗೆ ಬಂತು. ಬೇರೇ ಇರಲಿಲ್ಲ. ಬುಡದಲ್ಲಿ ಹಲ್ಲಿನ ಗುರುತು, ಕೆಳಗೊಂದು ಬಿಲ.

“ಹೆಗ್ಗಣಾ! ಬ್ಯಾನಿ ಅಲ್ಲ, ಹೆಗ್ಗಣಾ ಕಡದೈತ್ರೀ!” ಎಂದು ಆಕೆ ಕುಣಿದಾಡಿದಳು. ಹೆಗ್ಗಣ ಬಂದದ್ದಕ್ಕೆ ಇಷ್ಟು ಖುಷಿಪಟ್ಟ ಮನೆಯನ್ನು ನಾನು ಇನ್ನೊಂದು ಕಂಡಿಲ್ಲ.

ಹಬ್ಬದ ದಿನ ಅಂದಾನಪ್ಪ ಸಂಸಾರ ಸಮೇತ ಬಂದ. ನಾಲ್ಕು ಹೆಜ್ಜೆಯ ಹಿತ್ತಲಲ್ಲಿ ಹದಿಮೂರು ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ನೀಲವ್ವ ಚರಗ ಚೆಲ್ಲಿದಳು. ಸ್ವಲ್ಪ ನಿಜಕ್ಕೂ ಮಗ್ಗಲ ಮನೆಗೆ ಬಿತ್ತು, ಅವರೂ ನಗುತ್ತ ಗೋಡೆಯಾಚೆಯಿಂದ ತಟ್ಟೆ ಚಾಚಿದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಅಂದಾನಪ್ಪ ನಾಲ್ಕು ಬದನೆಕಾಯಿ ಉಂಡ. ನೀಲವ್ವ ಅವನ ಬಾಯಿಯನ್ನೇ ನೋಡುತ್ತ ಸೌಟು ಹಿಡಿದು ನಿಂತಿದ್ದಳು.

ಕೈ ತೊಳೆದು ಅವನು ನನ್ನೆದುರು ಬಂದು ನಿಂತ. ಬಹಳ ಹೊತ್ತು ಓದಿದ. ಆಮೇಲೆ ಸಣ್ಣ ದನಿಯಲ್ಲಿ, “ಯವ್ವಾ, ನನ್ನ ಮೆಣಸಿನಗಿಡ ಮೂರು ವರ್ಷಾತು ಹಿಂಗ ಸೊರಗಿ ಸಾಯಾಕತ್ತಾವ. ಯಾರ ಮುಂದೂ ಹೇಳಿಲ್ಲ. ಇದನ್ನ ನನಗ ತಿಳಿಸಿ ಹೇಳು,” ಅಂದ.

ನೀಲವ್ವನ ಕಣ್ಣು ತುಂಬಿದವು. “ಹಿಂಡಿ ಭಾಳ ಖಾರ ಆಗೈತಿ,” ಎಂದು ಸೆರಗಿನಿಂದ ಒರೆಸಿಕೊಂಡು ಸೀಮೆಸುಣ್ಣ ಎತ್ತಿಕೊಂಡಳು.

ಈಗ ನನಗೆ ಮುಪ್ಪು. ಅಂಚು ತುಕ್ಕು ತಿಂದಿದೆ, ಒಂದು ಮೊಳೆ ಸಡಿಲಾಗಿದೆ. ಆದರೂ ಪ್ರತಿ ಯುಗಾದಿಗೆ ಅಂದಾನಪ್ಪ ಮುಂಜಾನೆಯ ಬಸ್ಸಿಗೇ ಬಂದು ತಂಗಿಯ ಮುಂದೆ ಕೂತು, ಈ ಸಲ ಎಲ್ಲಿ ಏನು ಬಿತ್ತಲಿ ಎಂದು ಕೇಳುತ್ತಾನೆ. ನನ್ನ ಮೇಲೆ ನಾಲ್ಕು ಮನೆಗಳಿದ್ದವಲ್ಲ, ಈಗ ಹತ್ತಿವೆ. ಆರು ಅವನ ಹೊಲದವು. ಜಾಗ ಸಾಲದೆ ನೀಲವ್ವ ಸಣ್ಣ ಸಣ್ಣ ಅಕ್ಷರದಲ್ಲಿ ಬರೆಯುತ್ತಾಳೆ, ಅಣ್ಣ ಕನ್ನಡಕ ಹಾಕಿಕೊಂಡು ಓದುತ್ತಾನೆ.